ಆಲೆಮನೆಗೊಂದು ವೆಬ್ ಪುಟ: ಬೇಕಾದ ಸಲಕರಣೆ, ಓದಬೇಕಾದ ಪಾಠ, ಎಡವುವ ಜಾಗ

ಮಂಡ್ಯದ ಸುತ್ತಮುತ್ತ ಯಾವ ದಾರಿ ಹಿಡಿದರೂ ಒಂದು ಆಲೆಮನೆ ಸಿಗುತ್ತದೆ. ಅದಕ್ಕೊಂದು ಪುಟ ಮಾಡಿಕೊಡುವುದನ್ನೇ ಮೊದಲ ಕೆಲಸವಾಗಿ ಇಟ್ಟುಕೊಳ್ಳಿ. ಅಚ್ಚು, ಬಕೆಟ್, ಕುರಿಕಟ್ಟು ಎಂಬ ಮೂರು ಬಗೆಯ ಬೆಲ್ಲ, ಅವುಗಳ ದರ, ನಾಲ್ಕು ಫೋಟೊ, ಫೋನ್ ಬಟನ್, ವಾಟ್ಸ್‌ಆ್ಯಪ್ ಬಟನ್, ದಾರಿ ತೋರಿಸುವ ಮ್ಯಾಪ್ ಲಿಂಕ್: ಇಷ್ಟೇ. ಪುಟ ಮಾತ್ರ ಪೂರ್ತಿ ಕನ್ನಡದಲ್ಲಿರಲಿ. ಪುಟದ ರಚನೆ ಬರೆಯುವ ಎಚ್‌ಟಿಎಂಎಲ್, ಅದರ ರೂಪ ತಿದ್ದುವ ಸಿಎಸ್‌ಎಸ್ ಕಲಿಸುವ ಇಂಗ್ಲಿಷ್ ಪಾಠಗಳಲ್ಲಿ ಉದಾಹರಣೆಗಳೆಲ್ಲ ಇಂಗ್ಲಿಷಿನವೇ. ಹಾಗಾಗಿ ಕನ್ನಡ ಎಲ್ಲಿ ಕೈಕೊಡುತ್ತದೆ ಎಂಬುದು ಅವುಗಳಲ್ಲಿ ಬರುವುದೇ ಇಲ್ಲ. ಮೈಸೂರಿನ ಹೆಬ್ಬಾಳದ ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೂ ಹತ್ತು ಟ್ಯುಟೋರಿಯಲ್ ನೋಡಿದೆವು ಎನ್ನುವುದಕ್ಕಿಂತ ಹೀಗೆ ಮುಗಿಸಿದ ಒಂದು ಪುಟ ಹೆಚ್ಚು ಉಪಯೋಗ.

ಕೆಳಗೆ ಟ್ಯಾಗು, ಪ್ರಾಪರ್ಟಿಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಎಡಿಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಎಡಿಟರು

ಕೋಡ್ ಬರೆಯುವ ಎಡಿಟರಾಗಿ ವಿಎಸ್ ಕೋಡ್ ಸಾಕು. ಉಚಿತ, ವಿಂಡೋಸ್‌ನಲ್ಲೂ ಉಬುಂಟುವಿನಲ್ಲೂ ಓಡುತ್ತದೆ. ಹಾಕಿಕೊಂಡ ಮೇಲೆ ಎರಡೇ ಎಕ್ಸ್‌ಟೆನ್ಶನ್ ಸೇರಿಸಿ: ಲೈವ್ ಸರ್ವರ್ ಮತ್ತು ಪ್ರಿಟಿಯರ್. ಮೊದಲನೆಯದು ಫೈಲ್ ಸೇವ್ ಆದ ಕೂಡಲೇ ಬ್ರೌಸರಿನಲ್ಲಿ ಪುಟವನ್ನು ತಾನೇ ರಿಫ್ರೆಶ್ ಮಾಡುತ್ತದೆ, ಎರಡನೆಯದು ಕೋಡನ್ನು ಅಚ್ಚುಕಟ್ಟಾಗಿ ಜೋಡಿಸುತ್ತದೆ. 'ಇಪ್ಪತ್ತು ಕಡ್ಡಾಯ ಎಕ್ಸ್‌ಟೆನ್ಶನ್‌ಗಳು' ಎಂಬ ವಿಡಿಯೋಗಳನ್ನು ನಂಬಿ ಎಲ್ಲವನ್ನೂ ತುಂಬಿದರೆ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಲೈವ್ ಸರ್ವರ್ ಕೆಲಸ ಮಾಡುತ್ತಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಒಂಟಿ ಫೈಲನ್ನು ತೆರೆದಿರುತ್ತಾರೆ. ಅದಕ್ಕೆ ಇಡೀ ಫೋಲ್ಡರ್ ಬೇಕು, ಆದ್ದರಿಂದ ಫೈಲ್ ಮೆನುವಿನಲ್ಲಿ ಓಪನ್ ಫೋಲ್ಡರ್ ಕೊಡಿ.

ಖಾಲಿ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹೊಡೆದು ಟ್ಯಾಬ್ ಒತ್ತಿದರೆ ಎಮೆಟ್ ಎಂಬ ಸೌಲಭ್ಯ ಪುಟದ ಅಸ್ಥಿಪಂಜರವನ್ನು ತಾನೇ ಬರೆಯುತ್ತದೆ. ಕನ್ನಡದ ಮೊದಲ ತಪ್ಪು ಹುಟ್ಟುವುದು ಇಲ್ಲೇ. ಮೇಲಿನ ಸಾಲಿನ ಲ್ಯಾಂಗ್ ಗುಣದಲ್ಲಿ ಅದು 'ಇಎನ್' ಎಂದು ಹಾಕಿರುತ್ತದೆ. ಹಾಗೇ ಬಿಟ್ಟರೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗುತ್ತದೆ, ಬ್ರೌಸರಿನ ಅನುವಾದ ಸೌಲಭ್ಯವೂ ಗೊಂದಲಕ್ಕೆ ಬೀಳಬಹುದು. ಅದನ್ನು 'ಕೆಎನ್' ಮಾಡಿ. ಪ್ರತಿಸಲ ಬದಲಿಸುವ ರಗಳೆ ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಎಮೆಟ್ ವೇರಿಯಬಲ್ಸ್ ಹುಡುಕಿ, ಲ್ಯಾಂಗ್ ಬೆಲೆಯನ್ನು ಒಮ್ಮೆ ಬದಲಿಸಿಡಿ. ಅಕ್ಷರಗಳನ್ನು ಬೈಟುಗಳಾಗಿ ಬರೆದ ಪದ್ಧತಿ ಯುಟಿಎಫ್-8 ಎಂದು ಸಾರುವ ಮೆಟಾ ಸಾಲು ಫೈಲಿನ ಮೊದಲ 1024 ಬೈಟಿನೊಳಗೆ ಇರಬೇಕು. ಅದರ ಮೇಲೆ ಉದ್ದುದ್ದ ಕಾಮೆಂಟ್ ಬರೆಯಬೇಡಿ.

ಎಡಿಟರಿನಲ್ಲಿ ಕನ್ನಡ ಒಂದರ ಮೇಲೊಂದು ಹತ್ತಿ ಕರ್ಸರ್ ಎಲ್ಲಿದೆಯೋ ತಿಳಿಯದಂತಾಗುವುದೂ ಉಂಟು. ಕೋಡಿಗೆ ಬಳಸುವ ಸಮಾನ ಅಗಲದ ಫಾಂಟುಗಳಲ್ಲಿ ಕನ್ನಡ ಇರುವುದಿಲ್ಲವಾದ್ದರಿಂದ ಎಡಿಟರು ಸಿಕ್ಕಿದ ಫಾಂಟನ್ನು ಎಳೆದುಕೊಳ್ಳುತ್ತದೆ. ಎಡಿಟರ್ ಫಾಂಟ್ ಫ್ಯಾಮಿಲಿಯ ಪಟ್ಟಿಯ ಕೊನೆಗೆ ನೋಟೊ ಸಾನ್ಸ್ ಕನ್ನಡ ಸೇರಿಸಿ, ಲೈನ್ ಹೈಟ್ 1.7 ಮಾಡಿದರೆ ಒತ್ತಕ್ಷರಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ಮ್ಯಾಟರ್ ಬರುವುದು ಡಿಟಿಪಿ ಅಂಗಡಿಯಿಂದ

ಆಲೆಮನೆಯವರು ಪುಟಕ್ಕೆ ಬೇಕಾದ ಬರಹವನ್ನು ಕೊಡುವುದು ಡಿಟಿಪಿ ಅಂಗಡಿ ಮಾಡಿಕೊಟ್ಟ ಹಳೆಯ ಕರಪತ್ರದ ಫೈಲಿನಲ್ಲಿ. ಅದನ್ನು ಕಾಪಿ ಮಾಡಿ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು, ಫಾಂಟ್ ತೆಗೆದರೆ ವೇಷ ಕಳಚುತ್ತದೆ. ನುಡಿ, ಬರಹ ಎರಡರ ಜೊತೆಗೂ ಯೂನಿಕೋಡಿಗೆ (ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಇಂದಿನ ಪದ್ಧತಿಗೆ) ಬದಲಿಸುವ ಪರಿವರ್ತಕ ಬರುತ್ತದೆ, ಅದರಲ್ಲಿ ಹಾಯಿಸಿ. ಆಮೇಲೆ ಕಣ್ಣಿಟ್ಟು ಓದಿ, ಮುಖ್ಯವಾಗಿ ಅರ್ಕಾವತ್ತುಗಳನ್ನು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಜಾರುವುದು ಇದೇ ಜಾಗದಲ್ಲಿ.

ದರಪಟ್ಟಿ ಎಕ್ಸೆಲ್‌ನಲ್ಲಿ ಬಂದರೆ ಇನ್ನೊಂದು ಹಳ್ಳ. ಬರೀ ಸಿಎಸ್‌ವಿ ಎಂದು ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ, ಹಿಂದಕ್ಕೆ ಬರುವುದಿಲ್ಲ. ಸೇವ್ ಆ್ಯಸ್ ಪಟ್ಟಿಯಲ್ಲಿ 'ಸಿಎಸ್‌ವಿ ಯುಟಿಎಫ್-8' ಬೇರೆಯಾಗಿಯೇ ಇದೆ, ಅದನ್ನು ಆರಿಸಿ. ದರಪಟ್ಟಿಯನ್ನು ಫೋಟೊ ಹೊಡೆದು ಪುಟದಲ್ಲಿ ಹಾಕುವುದಂತೂ ಬೇಡ. ಹುಡುಕಿದರೆ ಸಿಗುವುದಿಲ್ಲ, ದರ ಬದಲಾದಾಗಲೆಲ್ಲ ಮತ್ತೆ ಫೋಟೊ ಹೊಡೆಯಬೇಕು.

ಕನ್ಸೋಲ್ ಎಂಬ ಭೂತಕನ್ನಡಿ

ಕ್ರೋಮ್‌ನಲ್ಲಾಗಲಿ ಫೈರ್‌ಫಾಕ್ಸ್‌ನಲ್ಲಾಗಲಿ ಎಫ್12 ಒತ್ತಿದರೆ ಡೆವ್‌ಟೂಲ್ಸ್ ತೆರೆಯುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಯಾವ ಸಲಕರಣೆಗಿಂತ ಇದು ದೊಡ್ಡದು. ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಬಣ್ಣ, ಅಂತರ ಬದಲಿಸಿ ನೋಡುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಕನ್ನಡದವರಿಗೆ ಹೆಚ್ಚು ಬೇಕಾಗುವುದು ಕನ್ಸೋಲ್, ಅಂದರೆ ಜಾವಾಸ್ಕ್ರಿಪ್ಟ್ (ಪುಟದಿಂದ ಕೆಲಸ ಮಾಡಿಸುವ ಭಾಷೆ) ಸಾಲನ್ನು ಹೊಡೆದು ಕೂಡಲೇ ಉತ್ತರ ನೋಡುವ ಜಾಗ.

ಪುಟದಲ್ಲಿ 'ಮಂಡ್ಯ' ಎಂದು ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ ಎಂದುಕೊಳ್ಳಿ. ಆ ಪದವನ್ನು ಪುಟದಿಂದ ಕಾಪಿ ಮಾಡಿ, ಕನ್ಸೋಲಿನಲ್ಲಿ ಅರೇ ಡಾಟ್ ಫ್ರಮ್ ಬಳಸಿ ಒಂದೊಂದು ಅಕ್ಷರಕ್ಕೂ ಅದರ ಯೂನಿಕೋಡ್ ಸಂಖ್ಯೆ ಹೇಳುವ ಕೋಡ್‌ಪಾಯಿಂಟ್‌ಆ್ಯಟ್ ಕೇಳಿ. ಸರಿಯಾದ ಪದಕ್ಕೆ ಬರುವ ಉತ್ತರ ಐದು ಅಂಕಿಗಳು: 3246, 3202, 3233, 3277, 3247. ಅಂದರೆ ಮ, ಅನುಸ್ವಾರ (ಅಕ್ಷರದ ಪಕ್ಕದ ಸೊನ್ನೆ), ಡ, ಒತ್ತಕ್ಷರ ಕೂಡಿಸುವ ವಿರಾಮ (್), ಯ. ತಪ್ಪು ಪದದಲ್ಲಿ ಎರಡನೆಯ ಅಂಕಿ 3302 ಆಗಿರುತ್ತದೆ. ಅದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ನೋಡಲು ಎರಡೂ ಒಂದೇ ಥರ, ಟೈಪ್ ಮಾಡುವವರು ಅವಸರದಲ್ಲಿ ಇದರ ಜಾಗಕ್ಕೆ ಅದನ್ನು ಒತ್ತಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಬೇರೆ.

ಕಾಣದ ಅಕ್ಷರಗಳೂ ಇವೆ. 'ಹೋಮ್‌ಡೆಲಿವರಿ' ಎನ್ನುವಾಗ ಮಕಾರಕ್ಕೆ ಡಕಾರ ಒತ್ತಾಗಿ ಅಂಟದಿರಲಿ ಎಂದು ನಡುವೆ 8204 ಅಂಕಿಯ ಅದೃಶ್ಯ ಅಕ್ಷರ ಕೂತಿರುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರವನ್ನು ಅರ್ಕಾವತ್ತು ಆಗದಂತೆ ತಡೆಯುವುದು 8205. ಒಬ್ಬರು ಇವನ್ನು ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ, ಜಾವಾಸ್ಕ್ರಿಪ್ಟ್ ಎರಡೂ ಬೇರೆ ಎನ್ನುತ್ತದೆ. ಮೂರನೆಯದು ಸ್ವರಚಿಹ್ನೆಗಳದು: ಓಕಾರವನ್ನು ಒಂದೇ ಕೋಡಿನಲ್ಲೂ ಬರೆಯಬಹುದು, ಬಿಡಿಬಿಡಿ ಭಾಗಗಳನ್ನು ಜೋಡಿಸಿಯೂ ಬರೆಯಬಹುದು.

ಪುಟದಲ್ಲಿ ಹುಡುಕಾಟದ ಪೆಟ್ಟಿಗೆ ಇಟ್ಟರೆ ಹೋಲಿಕೆಗೆ ಮುಂಚೆ ಮೂರು ಹೆಜ್ಜೆ ಹಾಕಿ. ನಾರ್ಮಲೈಜ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂಬ ರೂಪದ ಹೆಸರು ಕೊಟ್ಟು ಓಡಿಸಿ, ಸ್ವರಚಿಹ್ನೆಗಳು ಒಂದು ರೂಪಕ್ಕೆ ಬರುತ್ತವೆ. 8204, 8205 ಎರಡನ್ನೂ ಕಿತ್ತುಹಾಕಿ. ಕೊನೆಗೆ 3302ರ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಅದನ್ನು 3202 ಮಾಡಿ. ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ, ಇಲ್ಲವಾದರೆ ೧೦ ಎಂಬುದರ ಸೊನ್ನೆಯೂ ಅನುಸ್ವಾರವಾಗುತ್ತದೆ. ಈ ಮೂರನ್ನೂ ಹುಡುಕುವ ಪದ, ಪುಟದ ಪದ ಎರಡಕ್ಕೂ ಮಾಡಬೇಕು. ಒಂದಕ್ಕೆ ಮಾಡಿ ಇನ್ನೊಂದನ್ನು ಮರೆತರೆ ಮೊದಲಿಗಿಂತ ಕೆಟ್ಟ ಫಲಿತಾಂಶ ಬರುತ್ತದೆ.

ಉದ್ದದ ಲೆಕ್ಕವೂ ಬೇರೆ. 'ಶ್ರೀರಂಗಪಟ್ಟಣ' ಬಾಯಲ್ಲಿ ಆರು ಅಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೇಳಿದರೆ 12, ಯುಟಿಎಫ್-8 ಬೈಟುಗಳಲ್ಲಿ 36. ಆರ್ಡರ್ ಫಾರ್ಮಿನ ಊರಿನ ಪೆಟ್ಟಿಗೆಗೆ ಮ್ಯಾಕ್ಸ್‌ಲೆಂಗ್ತ್ 10 ಕೊಟ್ಟರೆ ಅದು 'ಶ್ರೀರಂಗಪಟ್' ಎಂದು ನಿಲ್ಲುತ್ತದೆ. ಇಂಗ್ಲಿಷ್ ಫಾರ್ಮಿನಿಂದ ನಕಲು ಮಾಡಿದ ಮಿತಿಗಳನ್ನು ಕನಿಷ್ಠ ಮೂರು ಪಟ್ಟು ಮಾಡಿ. ಆರ್ಡರ್ ಬಂದಿದೆಯೆಂದು ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುವ ಯೋಚನೆ ಇದ್ದರೆ ಒಂದು ಸಂದೇಶದ ಮಿತಿ ಇಂಗ್ಲಿಷಿನಂತೆ 160 ಅಕ್ಷರ ಅಲ್ಲ, 70 ಎಂಬುದು ನೆನಪಿರಲಿ, ಆ 70ರಲ್ಲೂ ಲೆಕ್ಕ ಹೀಗೆಯೇ.

'ಎಷ್ಟು ಕೆಜಿ' ಎಂಬ ಪೆಟ್ಟಿಗೆಯಲ್ಲಿ ಕೆಲವರು ಫೋನಿನ ಕನ್ನಡ ಕೀಲಿಮಣೆಯಿಂದ ೧೨ ಎಂದು ಬರೆಯುತ್ತಾರೆ. ನಂಬರ್ ಫಂಕ್ಷನ್ ಅದನ್ನು ಅಂಕಿಯೆಂದೇ ಒಪ್ಪುವುದಿಲ್ಲ. ಕನ್ನಡ ಅಂಕಿಗಳು 3302ರಿಂದ 3311ರವರೆಗೆ ಸಾಲಾಗಿ ಇರುವುದರಿಂದ ಪ್ರತಿಯೊಂದರ ಕೋಡಿನಿಂದ 3302 ಕಳೆದರೆ ಸಾಮಾನ್ಯ ಅಂಕಿ ಸಿಕ್ಕಿತು. ತಿರುಗಿ ತೋರಿಸುವಾಗ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಇಎನ್-ಐಎನ್ ಕೊಡಿ, ಲಕ್ಷವನ್ನು 1,00,000 ಎಂದು ನಮ್ಮ ಪದ್ಧತಿಯಲ್ಲೇ ಅಲ್ಪವಿರಾಮ ಹಾಕಿ ತೋರಿಸುತ್ತದೆ. ಅದು ಬಳಸುವುದು 1, 2, 3 ಅಂಕಿಗಳನ್ನೇ. ದರ, ಫೋನ್ ನಂಬರುಗಳಿಗೆ ಅದೇ ಒಳ್ಳೆಯದು.

ಫಾಂಟು

ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ, ತಿರೊ ಕನ್ನಡ ಎಲ್ಲ ಉಚಿತ. ಆದರೂ ಮೈಬರಹಕ್ಕೆ ಫಾಂಟ್ ಇಳಿಸುವುದೇ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಕನ್ನಡ ಮೊದಲೇ ಇರುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್. ಬೆಲ್ಲದ ಅಂಗಡಿಯ ಹೆಸರಿಗೆ ಮಾತ್ರ ಒಂದು ದಪ್ಪ ಬಾಲೂ ಸಾಕು. ಅದಕ್ಕೆ ಫಾಂಟ್ ಡಿಸ್‌ಪ್ಲೇ ಸ್ವಾಪ್ ಹಾಕಿ, ಫಾಂಟ್ ಬರುವವರೆಗೆ ಬೋರ್ಡು ಖಾಲಿ ಕಾಣದಿರಲಿ. ಬೋಲ್ಡ್ ಬೇಕಾದರೆ 700 ತೂಕದ ಫೈಲನ್ನೇ ತರಿಸಿ. ಇಲ್ಲವಾದರೆ ಬ್ರೌಸರ್ ಇರುವ ಅಕ್ಷರವನ್ನೇ ಉಬ್ಬಿಸುತ್ತದೆ, ಒತ್ತಕ್ಷರದ ಸಣ್ಣ ಸಂದುಗಳು ಮುಚ್ಚಿ ಮಸಿ ಚೆಲ್ಲಿದಂತಾಗುತ್ತದೆ. ಇಟಾಲಿಕ್ ಬಿಟ್ಟುಬಿಡಿ, ಅದು ಕನ್ನಡದ ರೂಢಿಯಲ್ಲ.

ಅಕ್ಷರ 17 ಪಿಕ್ಸೆಲ್‌ಗೆ ಸಮನಾಗಿ, ಲೈನ್ ಹೈಟ್ 1.7 ಇಟ್ಟು ನೋಡಿ. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಗೆ 1.1, 1.2 ಇರುತ್ತದೆ. ಅದರ ಮೇಲೆ ಓವರ್‌ಫ್ಲೋ ಹಿಡನ್ ಇದ್ದರೆ 'ಅಚ್ಚು' ಎಂಬುದರ ಚಕಾರದ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ. ಲೆಟರ್ ಸ್ಪೇಸಿಂಗ್ ಸೊನ್ನೆ ಇರಲಿ. ಕನ್ನಡದ ಸಮಾಸಪದಗಳು 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಪರದೆ ದಾಟುತ್ತವೆ. ಓವರ್‌ಫ್ಲೋ ರ‍್ಯಾಪ್‌ಗೆ ಬ್ರೇಕ್ ವರ್ಡ್ ಕೊಟ್ಟರೆ ಪುಟ ಅಡ್ಡಡ್ಡ ಸರಿಯುವುದು ನಿಲ್ಲುತ್ತದೆ.

ಫೋಟೊ, ವೇಗ, ವಾಟ್ಸ್‌ಆ್ಯಪ್

ಫೋನಿನಲ್ಲಿ ತೆಗೆದ ಕೊಪ್ಪರಿಗೆಯ ಫೋಟೊ ಹತ್ತಿರಹತ್ತಿರ 4 ಎಂಬಿ ಇರುತ್ತದೆ. ಸ್ಕ್ವೂಶ್ ಎಂಬ ಉಚಿತ ಸಲಕರಣೆ ಬ್ರೌಸರಿನಲ್ಲೇ ಓಡುತ್ತದೆ: ಅಗಲ 1200 ಪಿಕ್ಸೆಲ್, ವೆಬ್‌ಪಿ, ಗುಣಮಟ್ಟ 75. ಎಡಬಲ ಹೋಲಿಸಿ ನೋಡಿ ಇಳಿಸಿಕೊಳ್ಳಿ. ಚಿತ್ರದ ಟ್ಯಾಗಿನಲ್ಲಿ ವಿಡ್ತ್, ಹೈಟ್ ಬರೆಯದಿದ್ದರೆ ಚಿತ್ರ ಬಂದಾಗ ಬರಹ ಕೆಳಕ್ಕೆ ಹಾರುತ್ತದೆ, ಫೋನ್ ಬಟನ್ ಒತ್ತಲು ಹೋದವರು ಇನ್ನೇನನ್ನೋ ಒತ್ತುತ್ತಾರೆ. ಲೇಜಿ ಲೋಡಿಂಗ್ ಕೆಳಗಿನ ಚಿತ್ರಗಳಿಗೆ ಮಾತ್ರ. ಮೇಲಿನ ಮೊದಲ ಚಿತ್ರಕ್ಕೆ ಹಾಕಿದರೆ ಅದೇ ತಡವಾಗಿ ಬರುತ್ತದೆ.

ವೇಗ ಅಳೆಯಲು ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪ್ಯಾನೆಲ್‌ನಲ್ಲಿ ಡಿಸೇಬಲ್ ಕ್ಯಾಶ್ ಗುರುತು ಹಾಕಿ, ಪಕ್ಕದ ಪಟ್ಟಿಯಲ್ಲಿ ಸ್ಲೋ 4ಜಿ ಆರಿಸಿ. ಮೈಸೂರಿನ ಫೈಬರ್ ಸಂಪರ್ಕದಲ್ಲಿ ಚಕ್ಕೆಂದು ತೆರೆದ ಪುಟ ಗದ್ದೆ ಬದಿಯ ಸಿಗ್ನಲ್ಲಿಗೆ ಹೇಗಿರುತ್ತದೆ ಎಂಬ ಅಂದಾಜು ಆಗ ಸಿಗುತ್ತದೆ. ಪುಟಕ್ಕೆ ಅಂಕ ಕೊಡುವ, ಕ್ರೋಮ್ ಡೆವ್‌ಟೂಲ್ಸ್‌ನಲ್ಲೇ ಇರುವ ಲೈಟ್‌ಹೌಸ್ ಓಡಿಸುವುದು ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಇಲ್ಲವಾದರೆ ನಿಮ್ಮ ಎಕ್ಸ್‌ಟೆನ್ಶನ್‌ಗಳ ಭಾರವೂ ಪುಟದ ಲೆಕ್ಕಕ್ಕೆ ಬೀಳುತ್ತದೆ. ಒಂದೊಂದು ಸಲ ಒಂದೊಂದು ಅಂಕ ಬರುವುದು ಸಹಜ, ಮೂರು ಸಲ ಓಡಿಸಿ ನಡುವಿನದನ್ನು ಹಿಡಿಯಿರಿ. ನೂರು ಅಂಕದ ಹಿಂದೆ ಬೀಳಬೇಕಿಲ್ಲ. ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು, ಬರಹದ ಜಿಗಿತ (ಅದು ಸಿಎಲ್‌ಎಸ್ ಎಂದು ತೋರಿಸುವ ಅಳತೆ) 0.1ರೊಳಗೆ ಇರಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ 4.5ಕ್ಕಿಂತ ಕಡಿಮೆ ಎಂದು ಅದು ದೂರಿದರೆ ನಂಬಿ. ಬೆಲ್ಲದ ಬಣ್ಣದ ಮೇಲೆ ಬಿಳಿ ಅಕ್ಷರ ಲ್ಯಾಪ್‌ಟಾಪಿನಲ್ಲಿ ಚೆಂದ, ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ.

ವಾಟ್ಸ್‌ಆ್ಯಪ್ ಲಿಂಕಿನಲ್ಲಿ ನಂಬರು 91ರಿಂದ ಶುರುವಾಗಿ ಒಟ್ಟು 12 ಅಂಕಿ. ಪ್ಲಸ್, ಶುರುವಿನ ಸೊನ್ನೆ, ಖಾಲಿ ಜಾಗ ಯಾವುದೂ ಬೇಡ. ಫೋನ್ ಲಿಂಕಿಗೆ ಮಾತ್ರ ಪ್ಲಸ್ ಹಾಕಿ. ಈ ಪುಟ ಹರಡುವುದೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಹಾಗಾಗಿ ಲಿಂಕ್ ಹಂಚಿದಾಗ ಕಾಣುವ ಮುನ್ನೋಟವನ್ನು ಹೇಳುವ ಓಪನ್ ಗ್ರಾಫ್‌ನ ಶೀರ್ಷಿಕೆ, ವಿವರಣೆ, ಚಿತ್ರ ಮೂರೂ ಇರಲಿ. ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸವಾಗಿರಬೇಕು. ಫೈಲ್ 300 ಕೆಬಿ ಒಳಗಿದ್ದರೆ ನಿರಾಳ. ಚಿತ್ರ ಬದಲಿಸಿದ ಮೇಲೂ ಹಳೆಯದೇ ಬರುತ್ತಿದ್ದರೆ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಒಂದು ಅಂಕಿ ಸೇರಿಸಿ ಕಳಿಸಿ ನೋಡಿ.

ಗಿಟ್, ಹೋಸ್ಟಿಂಗ್

ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಗಿಟ್‌ನ ನಾಲ್ಕು ಆಜ್ಞೆ ಕಲಿತರೆ ಮೊದಲ ತಿಂಗಳು ಸಾಗುತ್ತದೆ: ಸ್ಟೇಟಸ್, ಆ್ಯಡ್, ಕಮಿಟ್, ಪುಶ್. ಹಳೆಯ ವಿಡಿಯೋ ನೋಡಿ, ಆ ಫೈಲುಗಳನ್ನು ಆನ್‌ಲೈನಿನಲ್ಲಿ ಇಡುವ ಗಿಟ್‌ಹಬ್‌ನ ಪಾಸ್‌ವರ್ಡ್ ಕೊಟ್ಟು ಪುಶ್ ಮಾಡಲು ಹೋದರೆ ಆಗುವುದಿಲ್ಲ, 2021ರ ಆಗಸ್ಟ್‌ನಲ್ಲೇ ಅದು ನಿಂತಿದೆ. ಬ್ರೌಸರ್ ಮೂಲಕ ಲಾಗಿನ್ ಆಗಿ, ಇಲ್ಲವೇ ಪಾಸ್‌ವರ್ಡ್ ಬದಲಿಗೆ ಬಳಸುವ ಟೋಕನ್ ಮಾಡಿಕೊಳ್ಳಿ. ಯಾವುದಾದರೂ ಸೇವೆಯ ಗುಪ್ತ ಕೀ ತಪ್ಪಿ ಕಮಿಟ್ ಆದರೆ ಫೈಲ್ ಅಳಿಸುವುದು ಸಾಲದು, ಇತಿಹಾಸದಲ್ಲಿ ಉಳಿದಿರುತ್ತದೆ. ಆ ಕೀಯನ್ನೇ ರದ್ದು ಮಾಡಿ.

ಲ್ಯಾಪ್‌ಟಾಪಿನಲ್ಲಿ ಸರಿಯಿದ್ದ ಚಿತ್ರ ಗಿಟ್‌ಹಬ್‌ನದೇ ಹೋಸ್ಟಿಂಗ್ ಆದ ಗಿಟ್‌ಹಬ್ ಪೇಜಸ್‌ಗೆ ಏರಿಸಿದ ಮೇಲೆ ಮಾಯವಾದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ವಿಂಡೋಸ್ ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರದ ಭೇದ ಎಣಿಸುವುದಿಲ್ಲ, ಸರ್ವರ್ ಎಣಿಸುತ್ತದೆ. ಎರಡನೆಯದು ಪಾಥ್ ಮೊದಲಿನ ಓರೆಗೆರೆ: ನಿಮ್ಮ ಪುಟ ವಿಳಾಸದ ಒಳಫೋಲ್ಡರಿನಲ್ಲಿದ್ದರೆ ಓರೆಗೆರೆಯಿಂದ ಶುರುವಾದ ಪಾಥ್ ಅದನ್ನು ಬಿಟ್ಟು ಬುಡಕ್ಕೆ ಹೋಗುತ್ತದೆ. ಫೈಲುಗಳಿಗೆ ಕನ್ನಡ ಹೆಸರಿಡುವ ಆಸೆ ಬಂದರೆ ತಡೆದುಕೊಳ್ಳಿ. ವಿಳಾಸ ಕಾಪಿ ಮಾಡಿದಾಗ ಪ್ರತಿ ಕೋಡೂ ಒಂಬತ್ತು ಚಿಹ್ನೆಯಾಗಿ ಬಿಡಿಸಿಕೊಂಡು, ಬರೀ 'ಮಂಡ್ಯ' 45 ಚಿಹ್ನೆಯಷ್ಟು ಉದ್ದವಾಗುತ್ತದೆ.

ಗಿಟ್‌ಹಬ್ ಪೇಜಸ್ ಕಲಿಕೆಗೆ ಸರಿ, ಆನ್‌ಲೈನ್ ವ್ಯಾಪಾರ ನಡೆಸಲು ಅದರ ನಿಯಮ ಒಪ್ಪುವುದಿಲ್ಲ. ವರ್ಸೆಲ್ ಎಂಬ ಇನ್ನೊಂದು ಹೋಸ್ಟಿಂಗಿನ ಉಚಿತ ಹಾಬಿ ಪ್ಲಾನೂ ವಾಣಿಜ್ಯಕ್ಕಲ್ಲ. ಬೆಲ್ಲ ನಿಜಕ್ಕೂ ಮಾರಾಟಕ್ಕಿಟ್ಟಾಗ ಕ್ಲೌಡ್‌ಫ್ಲೇರ್ ಪೇಜಸ್‌ಗೆ ಸಾಗಿಸಿ. ಅದೇ ಗಿಟ್ ರೆಪೊವನ್ನು (ಫೈಲುಗಳಿರುವ ಸಂಗ್ರಹವನ್ನು) ಜೋಡಿಸಿದರಾಯಿತು.

ಎಲ್ಲಿ ಕಲಿಯುವುದು

ಎಂಡಿಎನ್ ಎಂಬ ವೆಬ್ ಕೈಪಿಡಿ ಒಂದನ್ನು ಬುಕ್‌ಮಾರ್ಕ್ ಮಾಡಿ. ಯಾವ ಟ್ಯಾಗ್, ಯಾವ ಪ್ರಾಪರ್ಟಿ ಅನುಮಾನವಾದರೂ ಅದೇ ಕೊನೆಯ ಮಾತು. ಪುಟದ ತಳದಲ್ಲಿ ಯಾವ ಬ್ರೌಸರಿನಲ್ಲಿ ಯಾವಾಗಿನಿಂದ ನಡೆಯುತ್ತದೆ ಎಂಬ ಪಟ್ಟಿಯೂ ಇದೆ. ಕೈಪಳಗಲು ಫ್ರೀಕೋಡ್‌ಕ್ಯಾಂಪ್, ಬ್ರೌಸರಿನಲ್ಲೇ ಬರೆದು ತಿದ್ದಿಕೊಳ್ಳಬಹುದು. ಡಬ್ಬಿಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ತಲೆಗೆ ಹತ್ತದಿದ್ದರೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಎಂಬ ಕಪ್ಪೆಯಾಟ ಆಡಿ, 24 ಹಂತ, ಒಂದು ಸಂಜೆ ಸಾಕು. ಜಾವಾಸ್ಕ್ರಿಪ್ಟ್‌ಗೆ ಜಾವಾಸ್ಕ್ರಿಪ್ಟ್ ಡಾಟ್ ಇನ್ಫೊ ಕ್ರಮವಾಗಿ ಓದಲು ಚೆನ್ನ. ಇವೆಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ತೊಡಕೆನಿಸುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಚಿಕ್ಕ ಚಿಕ್ಕ ವಿಡಿಯೋಗಳು, ಹಲವಕ್ಕೆ ಕನ್ನಡದ ದನಿ ಇದೆ. ಅರ್ಧ ಪರದೆಯಲ್ಲಿ ವಿಡಿಯೋ, ಇನ್ನರ್ಧದಲ್ಲಿ ಎಡಿಟರ್ ಇಟ್ಟುಕೊಂಡು ಜೊತೆಜೊತೆಗೆ ಮಾಡಬೇಕು, ಸುಮ್ಮನೆ ನೋಡಿದರೆ ಮರುದಿನಕ್ಕೆ ಉಳಿಯುವುದಿಲ್ಲ.

ದೊಡ್ಡ ಆ್ಯಪ್‌ಗಳಿಗೆ ಬಳಸುವ ರಿಯಾಕ್ಟ್, ನೋಡ್ ಈ ಪುಟಕ್ಕೆ ಬೇಡ. ದರ ಮೂರು ಸಾಲು ಇರುವಲ್ಲಿ ನೂರಾರು ಪ್ಯಾಕೇಜ್ ಇಳಿಸುವುದು ಕುರಿಕಟ್ಟು ಬೆಲ್ಲ ಸಾಗಿಸಲು ಲಾರಿ ಕರೆದಂತೆ. ಎಐ ಸಹಾಯಕರನ್ನು ಬಳಸುವುದಾದರೆ ಎರರ್ ಸಂದೇಶದ ಅರ್ಥ ಕೇಳಿ, ಕೋಡನ್ನು ನೀವೇ ಬರೆಯಿರಿ. ಅವು ಕೊಡುವ ಸಿಎಸ್‌ಎಸ್‌ನಲ್ಲೂ ಲೈನ್ ಹೈಟ್ ಇಂಗ್ಲಿಷಿನ ಅಳತೆಯಲ್ಲೇ ಬರುವುದುಂಟು.

ಒಪ್ಪಿಸುವ ಮುಂಚೆ

ಲ್ಯಾಪ್‌ಟಾಪಿನ ಮೊಬೈಲ್ ನೋಟ ಅಂದಾಜಿಗಷ್ಟೇ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ. ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಲ್ಯಾಪ್‌ಟಾಪಿನ ಕ್ರೋಮ್ ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಇನ್‌ಸ್ಪೆಕ್ಟ್ ಎಂದು ಹೊಡೆದರೆ ಫೋನಿನ ಪುಟವನ್ನೇ ಡೆವ್‌ಟೂಲ್ಸ್‌ನಲ್ಲಿ ತಿದ್ದಬಹುದು. ಕೇಬಲ್ ಚಾರ್ಜಿಂಗಿಗೆ ಮಾತ್ರದ್ದಾದರೆ ಫೋನ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಡೇಟಾ ಕೇಬಲ್ ಬೇಕು. ಕೇಬಲ್ ಇಲ್ಲದಿದ್ದರೆ ಒಂದೇ ವೈಫೈನಲ್ಲಿದ್ದುಕೊಂಡು ಲ್ಯಾಪ್‌ಟಾಪಿನ ಐಪಿ ವಿಳಾಸ, ಕೋಲನ್, 5500 ಹೊಡೆಯಿರಿ. ತೆರೆಯದಿದ್ದರೆ ವಿಂಡೋಸ್ ಫೈರ್‌ವಾಲ್ ತಡೆದಿರುತ್ತದೆ, ಆ ವೈಫೈಯನ್ನು ಪ್ರೈವೇಟ್ ಎಂದು ಗುರುತಿಸಿ ಲೈವ್ ಸರ್ವರಿಗೆ ಅನುಮತಿ ಕೊಡಿ.

ಕೊನೆಯದಾಗಿ ಮಾಲೀಕರ ಫೋನಿನಲ್ಲೇ ತೆರೆಯಿರಿ. ವಯಸ್ಸಾದವರು ಸೆಟ್ಟಿಂಗ್ಸ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ. ಬಟನ್ನಿಗೆ, ದರದ ಡಬ್ಬಿಗೆ ನಿಗದಿತ ಎತ್ತರ ಕೊಟ್ಟಿದ್ದರೆ 'ಬಕೆಟ್ ಬೆಲ್ಲ' ಎಂಬುದರ ಎರಡನೆಯ ಸಾಲು ಡಬ್ಬಿಯಾಚೆ ಹೋಗಿ ದರದ ಮೇಲೆ ಬೀಳುತ್ತದೆ. ಹೈಟ್ ತೆಗೆದು ಮಿನ್-ಹೈಟ್ ಹಾಕಿ, ಅಳತೆಗಳನ್ನು ಅಕ್ಷರದ ಗಾತ್ರದ ಜೊತೆ ಹಿಗ್ಗುವ ರೆಮ್‌ನಲ್ಲಿ ಕೊಡಿ, ಅದೇ ಫೋನಿನಲ್ಲಿ ಮತ್ತೊಮ್ಮೆ ನೋಡಿ.